ಹೋಮ್ಲಿ ಹುಡುಗಿ ಕೋಮಲಾ

ಅತ್ತೆ ತೀರಿಕೊಂಡ ಮೇಲೆ ಕೋಮಲಾಗೆ ಬೆಳಗಿನ ಹೊತ್ತು ಕೈಗೆ ಕೆಲಸವೇ ಇಲ್ಲದಂತಾಯಿತು. ಚೆನ್ನೈನ ಕೀಲ್ಪಾಕಿನ ಆ ಮೂರನೇ ಮಹಡಿಯ ಮನೆಯಲ್ಲಿ ವರ್ಷಗಟ್ಟಲೆ ಅವಳ ದಿನ ಶುರುವಾಗುತ್ತಿದ್ದದ್ದೇ ಅತ್ತೆ ಗಿರಿಜಾದೇವಿಯವರ ಮಂಚದ ಬಳಿ. ಲಕ್ವಾ ಹೊಡೆದು ಮಲಗಿದ್ದ ಮುದುಕಿಯ ಮೈ ಒರೆಸಿ, ಹಾಸಿಗೆ ಬಟ್ಟೆ ಬದಲಿಸಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡಿಸಿ, ಗಂಜಿ ಕುಡಿಸುವಷ್ಟರಲ್ಲಿ ಇತ್ತ ಅಡುಗೆಮನೆಯಲ್ಲಿ ಗಂಡನ ನಾಷ್ಟಾಕ್ಕೆ, ಮಗಳ ಡಬ್ಬಿಗೆ ಎಂದು ಕುಕ್ಕರು ಕೂಗಿ ಕೂಗಿ ಸುಮ್ಮನಾಗಿರುತ್ತಿತ್ತು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೂ ಒಮ್ಮೆ ಅವಳು ಬಿಸಿನೀರಿನ ಬೋಗುಣಿ ಹಿಡಿದು ಆ ಕೋಣೆಗೆ ಹೋಗಿ, ಖಾಲಿ ಮಂಚ ನೋಡಿ ಹಾಗೇ ನಿಂತುಬಿಟ್ಟಿದ್ದಳು.

ಅವಳಿಗೆ ಐವತ್ತು ದಾಟಿತ್ತು. ಗಂಡ ಸಿದ್ಧಲಿಂಗೇಶ್ ಪಂಪು ತಯಾರಿಸುವ ಕಂಪನಿಯಲ್ಲಿ ದೊಡ್ಡ ಹುದ್ದೆಯ ಇಂಜಿನಿಯರು, ನಿವೃತ್ತಿ ಹತ್ತಿರ ಬಂದಿತ್ತು. ಮಗಳು ನಿಖಿತಾ ಶೋಳಿಂಗನಲ್ಲೂರಿನಲ್ಲಿ ಕೆಲಸಕ್ಕಿದ್ದಳು. ಕಂಪನಿಯ ಕ್ಯಾಬ್ ಹತ್ತಿ ಹೋದರೆ ಸಂಜೆ ದಣಿದು ಬರುವಳು. ಮನೆಯಲ್ಲಿ ಕನ್ನಡ ಮಾತಾಡಿದರೆ ಅವಳಿಗೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು.

ಕೋಮಲಾಳ ತವರು ಇದೇ ಊರಿನ ಮೈಲಾಪೂರು. ಅಪ್ಪನನ್ನು ನೋಡಲು ಹೋಗಿ ಬರುವಾಗ ದೇವಸ್ಥಾನದ ಕೆರೆಯ ಹಿಂದಿನ ಬೀದಿಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು: ಇಂಗ್ಲಿಷ್ ಮಾತಾಡಲು ಕಲಿಸಲಾಗುತ್ತದೆ, ಗೃಹಿಣಿಯರೂ ಸೇರಬಹುದು. ಅವಳೇನು ಇಂಗ್ಲಿಷ್ ಬಾರದವಳಲ್ಲ. ಬಿ.ಕಾಂ. ಅನ್ನು ಇಂಗ್ಲಿಷಿನಲ್ಲೇ ಓದಿ ಒಳ್ಳೆಯ ಅಂಕ ತೆಗೆದವಳು. ಆದರೆ ಬಳಸದ ಪಾತ್ರೆಗೆ ಕಿಲುಬು ಹತ್ತಿದ ಹಾಗೆ ಅದಕ್ಕೂ ಹತ್ತಿತ್ತು. ಓದಿದರೆ ಅರ್ಧ ಅರ್ಥವಾಗುತ್ತಿತ್ತು, ಬಾಯಿ ಬಿಟ್ಟರೆ ಒಂದೂ ಬರುತ್ತಿರಲಿಲ್ಲ.

"ಈ ವಯಸ್ಸಿನಾಗ ಇಂಗ್ಲಿಷ್ ಯಾತಕ್ಕ? ಯಾರ ಜೋಡಿ ಮಾತಾಡಾಕ?" ಎಂದ ಸಿದ್ಧಲಿಂಗೇಶ್, ಪೇಪರಿನಿಂದ ತಲೆ ಎತ್ತದೆ.

"ಸುಮ್ಮನ ಕುಂದ್ರೂದಕ್ಕಿಂತ ವಾಸಿ ಅಲ್ರಿ" ಎಂದಳು ಕೋಮಲಾ. ಅವನು ಬೇಡವೆನ್ನಲಿಲ್ಲ. ಯಾವುದಕ್ಕೂ ಬೇಡವೆನ್ನುವ ಮನುಷ್ಯ ಅವನಾಗಿರಲಿಲ್ಲ. ಕುಡಿದವನಲ್ಲ, ಕೈ ಎತ್ತಿದವನಲ್ಲ. ಬಂಧುಬಳಗದವರೆಲ್ಲ ಕೋಮಲಾ ಪುಣ್ಯವಂತೆ ಎನ್ನುತ್ತಿದ್ದರು, ಅವಳೂ ಹಾಗೆಂದೇ ತಿಳಿದಿದ್ದಳು.

ಹೆಂಗಸರಿಗೆ ಟಿಕೆಟ್ ಇಲ್ಲದ ಗುಲಾಬಿ ಬಸ್ಸಿನಲ್ಲಿ ಕೂತು ಅವಳು ಮೈಲಾಪೂರಿಗೆ ಹೋಗಿ ಬರತೊಡಗಿದಳು. ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದು ಬಸ್ಸು ಸುತ್ತಿ ಸುತ್ತಿ ಹೋಗುತ್ತಿತ್ತು. ಅವಳಿಗೆ ಅದೂ ಹಿತವೇ ಆಗಿತ್ತು. ಪಾಠ ಹೇಳುತ್ತಿದ್ದವರು ಜಯಲಕ್ಷ್ಮೀ ಟೀಚರ್, ತಮಿಳಿನವರು, ಶಾಲೆಯಿಂದ ನಿವೃತ್ತರಾದವರು. ಕಲಿಯುವವರು ಹೆಚ್ಚಿನವರು ಕೆಲಸ ಹುಡುಕುವ ಹುಡುಗ ಹುಡುಗಿಯರು. ಅವರಲ್ಲಿ ವೀಕ್ಷಾ ಎಂಬ ಮೈಸೂರು ಕಡೆಯ ಹುಡುಗಿಯೊಬ್ಬಳಿದ್ದಳು. ಅಪ್ಪನ ಕೆಲಸಕ್ಕೆಂದು ಕುಟುಂಬ ಈಚೆಗೆ ಚೆನ್ನೈಗೆ ಬಂದಿತ್ತು, ಅವಳು ಅಮೆರಿಕದಲ್ಲಿ ಓದಲು ಬರೆಯಬೇಕಾದ ಪರೀಕ್ಷೆಗೆ ಕಟ್ಟುಗಟ್ಟಲೆ ಇಂಗ್ಲಿಷ್ ಪದ ಉರುಹೊಡೆಯುತ್ತಿದ್ದಳು. ಕೋಮಲಾ ಕನ್ನಡದವಳೆಂದು ತಿಳಿದ ದಿನದಿಂದ ಪಕ್ಕದಲ್ಲೇ ಬಂದು ಕೂರುತ್ತಿದ್ದಳು.

ಶುಕ್ರವಾರ ಶುಕ್ರವಾರ ಒಬ್ಬೊಬ್ಬರು ಎದ್ದು ನಿಂತು ಒಂದು ಪದ ಆರಿಸಿಕೊಂಡು, ಅದರ ಅರ್ಥ ಹೇಳಿ, ಅದನ್ನು ವಾಕ್ಯಗಳಲ್ಲಿ ಬಳಸಿ ತೋರಿಸಬೇಕಿತ್ತು. ತನ್ನ ಸರದಿ ಬಂದಾಗ ಕೋಮಲಾ ಯೋಚಿಸಲೂ ಇಲ್ಲ. "ಹೋಮ್ಲಿ" ಎಂದು ಬರೆಸಿದಳು. ಇಂಗ್ಲಿಷಿನಲ್ಲಿ ತನ್ನದೆನ್ನುವ ಪದ ಯಾವುದಾದರೂ ಇದ್ದರೆ ಅದೊಂದೇ ಎಂದು ಅವಳು ನಂಬಿದ್ದಳು.

ಆ ಪದ ಅವಳಿಗೆ ಬಂದದ್ದು ಮದುವೆಗೆ ಮುಂಚೆ, ಈಗ್ಗೆ ಮೂವತ್ತು ವರ್ಷಗಳ ಹಿಂದೆ. ಅಪ್ಪ ಚನ್ನವೀರಪ್ಪ ರಾಣೆಬೆನ್ನೂರು ಕಡೆಯಿಂದ ಬಂದು ಕೊತ್ತವಾಲ್ ಚಾವಡಿಯ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಮಂಡಿ ಇಟ್ಟವರು. ಅಂಗಡಿಯ ಲೆಕ್ಕ ತಪಾಸಣೆ ಮಾಡುತ್ತಿದ್ದ ಆಡಿಟರ್ ಕೋಮಲಾಳ ಅಂಕಪಟ್ಟಿ ನೋಡಿ, "ಇಂಥ ಹುಡುಗೀನ ಮನೇಲಿ ಯಾಕ್ರಿ ಕೂರಿಸ್ತೀರಿ? ನಮ್ಮ ಆಫೀಸಿಗೆ ಕಳಿಸಿ. ಕೆಲಸ ಕಲೀಲಿ, ಹಾಗೇ ಸಿ.ಎ. ಪರೀಕ್ಷೆಗೂ ಕೂರಲಿ" ಎಂದು ತಾವಾಗಿಯೇ ಕರೆದಿದ್ದರು. ಕೋಮಲಾ ಅಂದು ಖುಷಿಗೆ ಊಟವನ್ನೂ ಸರಿಯಾಗಿ ಮಾಡಿರಲಿಲ್ಲ. ಹೆಗಲಿಗೆ ಹಾಕುವ ಒಂದು ಕಂದು ಬ್ಯಾಗನ್ನೂ ಕೊಂಡಿಟ್ಟಿದ್ದಳು.

ಅದೇ ಹೊತ್ತಿಗೆ ಅಪ್ಪ ಇಂಗ್ಲಿಷ್ ಪತ್ರಿಕೆಗೆ ವರಾನ್ವೇಷಣೆಯ ಜಾಹೀರಾತು ಕೊಟ್ಟರು. ಅವರಿಗೆ ಇಂಗ್ಲಿಷ್ ಬಾರದು. ಬರೆದುಕೊಟ್ಟವನು ಅಂಗಡಿಯ ಗುಮಾಸ್ತ ಮೋಹನ್. ಓದಿ ಹೇಳುವಾಗ ಒಂದು ಪದ ಅಪ್ಪನ ಕಿವಿಗೆ ಹೊಸದಾಗಿ ಕೇಳಿಸಿತು. "ಹೋಮ್ಲಿ ಅಂದ್ರ ಏನೋ?" ಎಂದು ಕೇಳಿದರು.

"ಕುಡುಂಬ ಪೊಣ್ಣು, ಮುದಲಾಳಿ" ಎಂದ ಮೋಹನ್ ತನ್ನ ಧಣಿಗೆ, ತಮಿಳಿನಲ್ಲಿ.

"ಮನಿ ನಡಿಸಿಕೊಂಡು ಹೋಗೂ ಹುಡುಗಿ. ಛಲೋ ಐತಿ, ಇರಲಿ" ಎಂದು ಅಪ್ಪ ತಲೆಯಾಡಿಸಿದರು.

ಭಾನುವಾರ ಜಾಹೀರಾತು ಅಚ್ಚಾಯಿತು. ಸೋಮವಾರ ಆಡಿಟರ್ ಆಫೀಸಿಗೆ ಹೊರಟು ನಿಂತ ಮಗಳನ್ನು ಅಪ್ಪ ಬಾಗಿಲಲ್ಲೇ ತಡೆದರು.

"ಪೇಪರಿನಾಗ ಹೋಮ್ಲಿ ಅಂತ ಹಾಕಿಸೀನಿ. ಗಂಡಿನವರು ಬಂದು ಕುಂತಾಗ ನೀ ಬ್ಯಾಗ್ ಹಾಕ್ಕೊಂಡು ಬಸ್ಸಿಳದು ಬಂದ್ರ ನನ್ನ ಮುಖ ಎಲ್ಲಿ ಇಡ್ಲಿ?"

"ಅದೊಂದು ಪದದ ಸಲುವಾಗಿ ಬ್ಯಾಡಂತೀಯೇನಪ್ಪಾ?"

"ಪದ ಅಲ್ಲವ್ವಾ, ಅದು ಮಾತು. ನಾಕು ಮಂದಿ ಎದುರು ಕೊಟ್ಟ ಮಾತು."

ಕೋಮಲಾ ಎರಡು ದಿನ ಅತ್ತಳು. ಆಮೇಲೆ ಆ ಬ್ಯಾಗನ್ನು ಅಣ್ಣನ ಹೆಂಡತಿಗೆ ಕೊಟ್ಟಳು.

ಜಾಹೀರಾತು ನೋಡಿ ಬಂದವನು ಸಿದ್ಧಲಿಂಗೇಶ್. ಕಂಪನಿಯವರು ಅವನನ್ನು ತರಬೇತಿಗೆಂದು ಅಮೆರಿಕಕ್ಕೆ ಕಳಿಸಿ, ಅವನು ಆಗಷ್ಟೇ ವಾಪಸಾಗಿದ್ದ. ಉಪ್ಪಿಟ್ಟು ತಿಂದು ಕೈ ಒರೆಸಿಕೊಂಡು ಜೇಬಿನಿಂದ ಪತ್ರಿಕೆಯ ಚೂರು ತೆಗೆದ. ಬೆರಳಿಟ್ಟು ತೋರಿಸಿ, "ಈ ಪದ ನೋಡೇ ಬಂದೆ ನೋಡ್ರಿ" ಎಂದು ನಕ್ಕ. ಹಿರಿಯರೆಲ್ಲ ಮೆಚ್ಚಿ ನಕ್ಕರು. ಕೋಮಲಾ ತಲೆ ತಗ್ಗಿಸಿದಳು. ತಗ್ಗಿಸುವ ಮುಂಚೆ ಅವನು ಅವಳ ಮುಖವನ್ನೊಮ್ಮೆ ದಿಟ್ಟಿಸಿ ಇನ್ನೊಂದು ಸಲ ನಕ್ಕದ್ದನ್ನು ನೋಡಿದಳು. ಆ ಎರಡನೇ ನಗು ತನಗೆಂದೇ ನಕ್ಕದ್ದು ಎಂದು ವರ್ಷಾನುಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದಳು.

ತಾನು ರೂಪಸಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಬಣ್ಣ ಕಪ್ಪು, ಮುಂದಿನ ಹಲ್ಲು ತುಸು ಉಬ್ಬು, ಚಿಕ್ಕಂದಿನಲ್ಲಿ ಸಿಡುಬು ಬಂದು ಗಲ್ಲದ ಮೇಲೆ ಕುಳಿ ಬಿದ್ದಿದ್ದವು. ಶಾಲೆಯಲ್ಲಿ ಹುಡುಗಿಯರು ಆಡಿಕೊಂಡು, ಅವಳು ಅಳುತ್ತ ಬಂದಾಗ ಅವ್ವ, "ರೂಪ ಏನ್ ಉಪ್ಪು ಹಾಕ್ಕೊಂಡು ನೆಕ್ತಾರೇನ?" ಎಂದು ಸಮಾಧಾನ ಮಾಡುತ್ತಿದ್ದಳು. ಅದಕ್ಕೇ ಹೋಮ್ಲಿ ಎಂಬ ಪದ ಅವಳಿಗೆ ಇಷ್ಟವಾಗಿದ್ದು. ರೂಪದ ಗೊಡವೆಯೇ ಇಲ್ಲದ ಪದ. ಮನೆಯನ್ನು ಹೇಗೆ ನಡೆಸುತ್ತೀ ಎಂದು ಮಾತ್ರ ಕೇಳುವ ಪದ. ಅದಕ್ಕೆ ತಕ್ಕಂತೆ ಬದುಕಿದರೆ ತನಗೆ ಯಾರ ಮುಂದೂ ಕಡಿಮೆಯಿಲ್ಲ ಎಂದುಕೊಂಡಳು. ಹಾಗೇ ಬದುಕಿದಳು.

ಸಿದ್ಧಲಿಂಗೇಶ್‌ಗೆ ಮನೆಗೆ ಜನರನ್ನು ಕರೆಯುವುದೆಂದರೆ ಬಹಳ ಇಷ್ಟ. ಬಂದವರಿಗೆ ಹೆಂಡತಿಯನ್ನು ಪರಿಚಯಿಸುವಾಗ ತಪ್ಪದೆ, "ಮೈ ವೈಫ್, ವೆರಿ ಹೋಮ್ಲಿ" ಎನ್ನುತ್ತಿದ್ದ. ಕೆಲವರು ನಗುತ್ತಿದ್ದರು. ಅವಳೂ ನಗುತ್ತ ಕಾಫಿ ತರಲು ಒಳಗೆ ಹೋಗುತ್ತಿದ್ದಳು.

ನಿಖಿತಾ ಇನ್ನೂ ಹೈಸ್ಕೂಲಿನಲ್ಲಿದ್ದಾಗ ಅವನು ಅಮೆರಿಕದಿಂದ ಕಂಪನಿಗೆ ಬಂದಿದ್ದ ಗಂಡ ಹೆಂಡಿರನ್ನು ಊಟಕ್ಕೆ ಕರೆದಿದ್ದ. ಕೋಮಲಾ ಬೆಳಗಿನಿಂದ ನಿಂತು ಜೋಳದ ರೊಟ್ಟಿ ಬಡಿದಿದ್ದಳು, ಎಣ್ಣೆಗಾಯಿ ಮಾಡಿದ್ದಳು, ಖಾರ ಕಡಿಮೆ ಮಾಡಿ ಶೇಂಗಾ ಚಟ್ನಿ ಬೇರೆ ಕುಟ್ಟಿದ್ದಳು. ಊಟದ ನಡುವೆ ಸಿದ್ಧಲಿಂಗೇಶ್ ಮಾತಾಡುತ್ತ ಪತ್ರಿಕೆಯ ಜಾಹೀರಾತಿನ ಕಥೆ ಹೇಳಿದ. ಪದಗಳು ಸರಸರನೆ ಹೋಗುತ್ತಿದ್ದವು, ಕೋಮಲಾಗೆ ಹಿಡಿಯಲಾಗಲಿಲ್ಲ. ಆದರೆ ಹೋಮ್ಲಿ ಎನ್ನುವುದು ಕಿವಿಗೆ ಬಿತ್ತು, ಅವಳ ಮುಖ ಅರಳಿತು. ಆ ಅಮೆರಿಕದ ಮನುಷ್ಯ ಗಹಗಹಿಸಿ ನಕ್ಕ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. ಆ ಹೆಂಗಸು ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೊರಡುವಾಗ ಕೋಮಲಾಳ ಎರಡೂ ಕೈ ಹಿಡಿದುಕೊಂಡು, "ಯು ಆರ್ ಬ್ಯೂಟಿಫುಲ್" ಎಂದಳು. ಕಣ್ಣು ತೇವವಾಗಿದ್ದವು.

"ಏನ್ ಹೇಳಿದ್ರಿ ಅವರಿಗೆ?" ಎಂದು ಬಾಗಿಲು ಹಾಕಿದ ಮೇಲೆ ಕೋಮಲಾ ಕೇಳಿದ್ದಳು.

"ನಿನ್ನ ಹೊಗಳಿದೆ" ಎಂದಿದ್ದ ಸಿದ್ಧಲಿಂಗೇಶ್.

ಎಷ್ಟೋ ವರ್ಷ ಅವಳು ಆ ಮಾತನ್ನು ನೆಂಟರ ಮನೆಯ ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ತಿರುಗಿದ್ದಳು. ಅಮೆರಿಕದಾಕಿ ನನ್ನ ಅಡಿಗಿ ಉಂಡು ಕಣ್ಣಾಗ ನೀರು ತಂದಳು ಎಂದು.

ಆ ಶುಕ್ರವಾರ ಕೋಮಲಾ ಇಳಕಲ್ ಸೀರೆ ಉಟ್ಟು ಹೋದಳು. ಕರೀ ಹಲಗೆಯ ಪಕ್ಕ ನಿಂತು, ಮನೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳತೊಡಗಿದಳು. ಹೋಮ್ಲಿ ಎಂದರೆ ಮನೆಯನ್ನು ಪ್ರೀತಿಸುವವಳು, ಮನೆಯನ್ನು ಚೆನ್ನಾಗಿ ನೋಡಿಕೊಳ್ಳುವವಳು. ನನ್ನ ತಂದೆ ಪತ್ರಿಕೆಯಲ್ಲಿ ಹೋಮ್ಲಿ ಹುಡುಗಿ ಎಂದು ಅಚ್ಚು ಹಾಕಿಸಿದರು. ನಾನು ಹೋಮ್ಲಿ ಹೆಂಗಸು, ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದ ಹಾಗೆ ಮಾಡಿದರು. ಜಯಲಕ್ಷ್ಮೀ ಟೀಚರ್ ಅತ್ತ ಕಣ್ಣು ಬಿಟ್ಟು ಸುಮ್ಮನಾಗಿಸಿದರು. ಕೋಮಲಾ ಮುಗಿಸಿದ ಮೇಲೆ ಅವಳನ್ನು ಬಹಳ ಹೊಗಳಿ, ಉಚ್ಚಾರ ಚೆನ್ನಾಗಿದೆ ಎಂದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು, ಎಲ್ಲರೂ ಬರೆದುಕೊಳ್ಳಿ, ಈ ಪದದಲ್ಲಿ ಜಾರಿ ಬೀಳುವವರು ಬಹಳ ಜನ ಎಂದರು. ಇಂಗ್ಲೆಂಡಿನವರು ಈ ಪದವನ್ನು ಮನೆಗೋ ಊಟಕ್ಕೋ ಹೇಳುತ್ತಾರೆ. ಆಡಂಬರವಿಲ್ಲದ, ಹಿತವಾದ ಮನೆ. ಮನೆಯ ರುಚಿಯ ಊಟ. ನಮ್ಮ ದೇಶದಲ್ಲಿ, ಅದರಲ್ಲೂ ಮದುವೆಯ ಜಾಹೀರಾತುಗಳಲ್ಲಿ, ಮನೆವಾರ್ತೆ ತಿಳಿದ ಹುಡುಗಿಗೆ ಹೇಳುತ್ತಾರೆ. ಈ ಅರ್ಥ ನಾವೇ ಮಾಡಿಕೊಂಡದ್ದು, ಹೊರಗಿನವರಿಗೆ ತಿಳಿಯದು. ಅಮೆರಿಕದಲ್ಲಿ ಮಾತ್ರ ಇದನ್ನು ಮನುಷ್ಯರಿಗೆ ಬಳಸಬೇಡಿ, ಅಲ್ಲಿ ಅದು ಮುಖಕ್ಕೆ ಸಂಬಂಧಿಸಿದ ಮಾತು ಎಂದರು.

"ಮುಖಕ್ಕೆ ಅಂದರೆ?" ಎಂದಳು ಕೋಮಲಾ, ಇನ್ನೂ ಹಲಗೆಯ ಪಕ್ಕದಲ್ಲೇ ನಿಂತು.

"ಸುಮಾರಾ ಇರುಕ್ಕರವಂಗ" ಎಂದರು ಟೀಚರ್ ತಮಿಳಿನಲ್ಲಿ, ಹಲಗೆ ಒರೆಸುತ್ತ. ನೋಡಲು ಸುಮಾರಾಗಿರುವವರು.

ಕೋಮಲಾ ವೀಕ್ಷಾಳ ಕಡೆ ನೋಡಿದಳು. ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಪಕ್ಕಕ್ಕೆ ಬಂದು ಕೂತ ಮೇಲೆ ಕೋಮಲಾ ಮೆಲ್ಲಗೆ, "ಖರೇ ಹೇಳವ್ವಾ, ಏನರ್ಥ?" ಎಂದಳು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಮ್ಮ ಎಕ್ಸಾಮ್ ಪದಗಳಲ್ಲಿ ಇದೆ ಅದು. ನೋಡೋಕೆ ಚೆನ್ನಾಗಿಲ್ಲದವರು ಅಂತ. ನೇರವಾಗಿ ಕುರೂಪಿ ಅನ್ನೋಕ್ಕಾಗದೆ ಹೋದಾಗ ಹಾಗಂತಾರೆ." ಹೇಳಿಬಿಟ್ಟು ಅವಳ ಮುಖ ನೋಡಿ, "ಆದ್ರೆ ನಿಮ್ಮಪ್ಪ ನಮ್ಮ ಅರ್ಥದಲ್ಲೇ ತಾನೆ ಹಾಕ್ಸಿದ್ದು? ಅದರಲ್ಲೇನೂ ತಪ್ಪಿಲ್ಲ" ಎಂದು ಸೇರಿಸಿದಳು.

"ಹೌದವ್ವಾ. ಅಪ್ಪಗ ಏನ್ ಗೊತ್ತಿತ್ತು" ಎಂದಳು ಕೋಮಲಾ.

ಅಪ್ಪನಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವಳ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಜಾಹೀರಾತು ಹಿಡಿದು ಬಂದವನು ಅಮೆರಿಕದಲ್ಲಿದ್ದು ಬಂದವನು. ಈ ಪದ ನೋಡೇ ಬಂದೆ ಎಂದಿದ್ದ. ಆಮೇಲೆ ತನ್ನ ಮುಖ ನೋಡಿ ನಕ್ಕಿದ್ದ. ಆ ಅಮೆರಿಕದ ಹೆಂಗಸು ಯಾಕೆ ತಟ್ಟೆಯಿಂದ ತಲೆ ಎತ್ತಲಿಲ್ಲ, ಹೊರಡುವಾಗ ಯಾಕೆ ಕೈ ಹಿಡಿದಳು ಎಂಬುದು ಬಸ್ಸು ರಾಯಪೇಟೆ ದಾಟುವಷ್ಟರಲ್ಲಿ ಅವಳಿಗೆ ಹೊಳೆಯಿತು. ಆ ಹೆಂಗಸು ಕನಿಕರಪಟ್ಟಿದ್ದಳು. ಆ ಕನಿಕರವನ್ನು ತಾನು ಊರೆಲ್ಲ ಹಂಚಿ ಬಂದಿದ್ದೆ ಎಂದು ನೆನೆದಾಗ ಕೋಮಲಾಗೆ ಕಿವಿಯವರೆಗೂ ಬಿಸಿಯೇರಿತು. ಇಳಿಯುವ ನಿಲ್ದಾಣ ಬಂದು ಹೋದದ್ದೂ ತಿಳಿಯಲಿಲ್ಲ.

ಸಂಜೆ ಸಿದ್ಧಲಿಂಗೇಶ್ ಮನೆಗೆ ಬಂದು ಷೂ ಬಿಚ್ಚುತ್ತಿದ್ದ. ಕೋಮಲಾ ಕಾಫಿ ತರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತಳು.

"ಹೋಮ್ಲಿ ಅಂದ್ರ ಅಮೆರಿಕದಾಗ ಏನ್ರಿ?"

ಅವನ ಕೈ ಷೂ ಲೇಸಿನ ಮೇಲೆ ನಿಂತಿತು. "ಯಾರ ಹೇಳಿದ್ರು ನಿನಗ?"

"ನಿಮಗ ಗೊತ್ತಿತ್ತೇನು?"

"ಇದೇನ ಹೊಸಾದು? ಡಿಕ್ಷನರಿ ತಗದು ನೋಡಿದ್ರ ಯಾರಿಗೂ ಗೊತ್ತಾಗ್ತೈತಿ."

"ನೀವು ನನ್ನ ನೋಡಾಕ ಬಂದ ದಿನ ಗೊತ್ತಿತ್ತೇನು ಅಂತ ಕೇಳೀನಿ."

ಸಿದ್ಧಲಿಂಗೇಶ್ ಷೂ ಬದಿಗಿಟ್ಟ. ನಕ್ಕು ಹಗುರ ಮಾಡಲು ನೋಡಿದ. "ಆಫೀಸಿನಾಗ ಗೆಳೆಯಾರು ಸೇರಿ ಪೇಪರ್ ಓದಿ ನಕ್ಕಿದ್ವಿ. ಎಂಥಾ ಪ್ರಾಮಾಣಿಕ ಮನುಷ್ಯಾ ಇವನು, ಮಗಳು ಛಂದಿಲ್ಲ ಅಂತ ರೊಕ್ಕ ಕೊಟ್ಟು ಅಚ್ಚು ಹಾಕಿಸ್ಯಾನಲ್ಲ ಅಂತ. ನೋಡೇ ಬಿಡೂಣು ಅಂತ ಬಂದೆ. ಚ್ಯಾಷ್ಟಿ ಅದು. ಬಂದು ಲಗ್ನಾ ಮಾಡ್ಕೊಂಡೆ ಇಲ್ಲೋ? ಬಿಟ್ಟು ಹೋದೆನೇನು?"

"ಮೂವತ್ತು ವರ್ಷ ಮಂದಿ ಮುಂದ ಹೇಳಿದ್ರಲ್ಲ."

"ಕೋಮಲಾ, ನಿನಗ ಆ ಅರ್ಥ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಮಾತು ನಿನ್ನ ಹೆಂಗ ನೋಯಿಸ್ತು? ನೀ ಖುಷಿನ ಆಗಿದ್ದಿ. ಪ್ರತಿ ಸಲ ನಗ್ತಿದ್ದಿ."

ಅವನು ನಿಜವಾಗಿಯೂ ಹಾಗೆಂದೇ ತಿಳಿದಿದ್ದ. ಮುಖದಲ್ಲಿ ಕಪಟವಿರಲಿಲ್ಲ. ತಪ್ಪೆಂದು ತಿಳಿದು ಮುಚ್ಚಿಟ್ಟವನಾಗಿದ್ದರೆ ಜಗಳವಾಡಬಹುದಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ನಿಖಿತಾ ಬಂದಳು. ಇಬ್ಬರ ಮುಖ ನೋಡಿ, ಏನಾಯಿತೆಂದು ಕೇಳಿದಳು. "ನಿಮ್ಮವ್ವಗ ಹೋಮ್ಲಿ ಅರ್ಥ ಇವತ್ತು ತಿಳೀತಂತ" ಎಂದು ಸಿದ್ಧಲಿಂಗೇಶ್ ಒಳಗೆ ಹೋದ.

ನಿಖಿತಾ ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತಳು. "ಅಯ್ಯೋ ಮಾ," ಎಂದಳು, "ಉನಕ್ಕು ತೆರಿಯುಂನು ನೆನಚೇನ್."

ನಿನಗೂ ಗೊತ್ತಿದೆ ಅಂದುಕೊಂಡಿದ್ದೆ. ಆ ತಮಿಳು ಮಾತು ಕೋಮಲಾಗೆ ಯಾವ ಇಂಗ್ಲಿಷ್ ಪದಕ್ಕಿಂತಲೂ ಸಲೀಸಾಗಿ ಅರ್ಥವಾಯಿತು.

"ನಿನಗ ಯಾವಾಗಿಂದ ಗೊತ್ತು?"

"ಸ್ಕೂಲ್ ಡೇಸ್ ಮಾ. ಆ ಫಾರಿನ್ ಅಂಕಲ್ ಬಂದಿದ್ರಲ್ಲ, ಅವತ್ತು. ಅಪ್ಪಾ ಜೋಕ್ ಮಾಡ್ತಾರೆ, ನೀನೂ ಸೇರಿ ನಗ್ತೀಯ, ನಿನಗೆ ಓಕೆ ಅಂದ್ಕೊಂಡೆ." ಮಗಳು ಅಪರೂಪಕ್ಕೆ ಕನ್ನಡದಲ್ಲಿ ತಡವರಿಸಿ ಹೇಳಿದಳು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟಳು. ಕೋಮಲಾ ಆ ಕೈಯನ್ನು ತೆಗೆಯಲಿಲ್ಲ, ಮುಟ್ಟಲೂ ಇಲ್ಲ. ಊಟದ ಮೇಜಿನ ಸುತ್ತ ಅಂದು ಕೂತಿದ್ದವರಲ್ಲಿ ತಾನೊಬ್ಬಳೇ ಅರ್ಥವಾಗದೆ ನಕ್ಕವಳು ಎಂದು ತಿಳಿದ ಮೇಲೆ ಅವಳಿಗೆ ಗಂಡನ ಮೇಲಿನ ಸಿಟ್ಟೂ ಸ್ವಲ್ಪ ಹೊತ್ತು ಆರಿಹೋಯಿತು. ಉಳಿದದ್ದು ಅವಮಾನ ಮಾತ್ರ.

ಮುಂದಿನ ವಾರ ಪಾಠ ಮುಗಿಸಿ ಅವಳು ತವರಿಗೆ ಹೋದಳು. ಅಪ್ಪ ಚನ್ನವೀರಪ್ಪ ಈಗ ಅಣ್ಣನ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ಹಾಲ್‌ನಲ್ಲಿ ಸೋಫಾದ ಮೇಲೆ ಕೂತಿರುವರು. ಕಿವಿ ಮಂದ, ನೆನಪು ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು.

"ಅಪ್ಪಾ, ನನ್ನ ಆಡಿಟರ್ ಆಫೀಸಿಗೆ ಯಾಕ ಕಳಿಸಲಿಲ್ಲ?" ಎಂದು ಕೋಮಲಾ ಕಿವಿಯ ಬಳಿ ಕೂಗಿ ಕೇಳಿದಳು.

"ಯಾವ ಆಡಿಟರು?"

"ನಮ್ಮ ಮಂಡಿ ಲೆಕ್ಕಾ ನೋಡ್ತಿದ್ರಲ್ಲ. ನನ್ನ ಕರದಿದ್ರು ಕೆಲಸಕ್ಕ. ನೀ ಬ್ಯಾಡಂದಿ."

ಅಪ್ಪ ಬಹಳ ಹೊತ್ತು ಯೋಚಿಸಿದರು. "ನಿನ್ನ ಕರದಿದ್ರಾ? ಇಲ್ಲ ಬಿಡವ್ವಾ, ಹಂಗೇನೂ ಆಗಿಲ್ಲ. ನಿನ್ನ ಲಗ್ನದ ವರ್ಷ ನನಗ ಚೆನ್ನಾಗಿ ನೆನಪೈತಿ. ಚಂಡಮಾರುತ ಬಂದು ಗೋದಾಮಿನಾಗ ನೀರು ಹೊಕ್ಕು ಮೆಣಸಿನಕಾಯಿ ಎಲ್ಲಾ ಬೂಸ್ಟು ಹಿಡೀತು" ಎಂದು, ಯಾವ ಊರಿನ ಮಾಲು, ಯಾವ ಗೋಡೆಯ ಬದಿ ನೆನೆಯಿತು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಕೋಮಲಾ ಪೂರ್ತಿ ಕೇಳಿದಳು. ಅವಳ ಬದುಕು ತಿರುಗಿದ ಆ ಸೋಮವಾರ ಅಪ್ಪನ ತಲೆಯೊಳಗೆ ಎಲ್ಲೂ ಇರಲಿಲ್ಲ.

ಸಿದ್ಧಲಿಂಗೇಶ್‌ನ ನಿವೃತ್ತಿಯ ದಿನ ಕಂಪನಿಯವರು ಹೋಟೆಲಿನಲ್ಲಿ ಊಟ ಇಟ್ಟುಕೊಂಡಿದ್ದರು. ಹೆಂಡತಿಯೂ ಎರಡು ಮಾತಾಡಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಆ ಪದ ಮಾತ್ರ ಎತ್ತಬೇಡಿ ಎಂದು ಅವಳು ಗಂಡನಿಗೆ ಹೇಳಿದ್ದಳು, ಅವನು ಆಗಲಿ ಎಂದಿದ್ದ. ಇತ್ತ ಕೋಮಲಾ ಟೀಚರ್ ಜೊತೆ ಕೂತು, ವೀಕ್ಷಾಳಿಂದ ತಿದ್ದಿಸಿಕೊಂಡು ಇಂಗ್ಲಿಷಿನಲ್ಲಿ ಕೆಲವು ವಾಕ್ಯ ಸಿದ್ಧ ಮಾಡಿಕೊಂಡಳು. ನಮ್ಮ ಮನೆಯನ್ನು ನಡೆಸಿದವಳು ನಾನು; ನನ್ನ ಗಂಡ ನಿಮ್ಮನ್ನೆಲ್ಲ ನಗಿಸುತ್ತಿದ್ದ ಪದದ ಅರ್ಥ ಈಗ ನನಗೂ ಗೊತ್ತು; ಇಂದಾದರೂ ನನ್ನನ್ನು ಹೆಸರು ಹಿಡಿದು ಪರಿಚಯಿಸಲಿ. ಅಷ್ಟೇ. ಅಡುಗೆ ಮಾಡುತ್ತ, ಬಟ್ಟೆ ಹರವುತ್ತ ಹೇಳಿ ಹೇಳಿ ನಾಲಿಗೆಗೆ ಕೂರಿಸಿದ್ದಳು.

ವೇದಿಕೆಯ ಮೇಲೆ ಸಿದ್ಧಲಿಂಗೇಶ್ ಎಲ್ಲರಿಗೂ ವಂದನೆ ಹೇಳಿದ. ಕೊನೆಗೆ ಹೆಂಡತಿಯ ಕಡೆ ಕೈ ತೋರಿಸಿ, ಇವಳನ್ನು ನಾನು ಯಾವಾಗಲೂ ಒಂದು ಪದದಲ್ಲಿ ಪರಿಚಯಿಸುತ್ತಿದ್ದೆ, ಈಗ ಮನೆಯಲ್ಲಿ ಆ ಪದಕ್ಕೆ ನಿಷೇಧ ಹಾಕಲಾಗಿದೆ, ಯಾವುದೆಂದು ನಿಮಗೆಲ್ಲ ಗೊತ್ತೇ ಇದೆ ಎಂದ.

ಹಾಲ್ ತುಂಬ ನಗು ಎದ್ದಿತು. ಗಂಡನ ಜೊತೆಯವರು ನಕ್ಕರು, ಅವರ ಹೆಂಡಿರು ನಕ್ಕರು, ಅವಳ ಕೈಯಡುಗೆ ಉಂಡು ಹೋದವರು ನಕ್ಕರು. ಆ ನಗು ಇನ್ನೂ ಇಳಿಯುವ ಮುಂಚೆಯೇ ಮೈಕು ಅವಳ ಕೈಗೆ ಬಂತು. ಕೋಮಲಾ ಎದ್ದು ನಿಂತಳು. ಮೊದಲ ವಾಕ್ಯದ ಮೊದಲ ಪದ ಯಾವುದೆಂದು ಹುಡುಕಿದಳು. ಎಷ್ಟು ಹುಡುಕಿದರೂ ಸಿಗಲಿಲ್ಲ. ಕನ್ನಡದಲ್ಲಾದರೂ ಹೇಳಿಬಿಡೋಣವೆಂದರೆ ಎದುರಿಗಿದ್ದವರಿಗೆ ಕನ್ನಡ ಬಾರದು; ತಮಿಳಿನಲ್ಲಿ ಹೇಳಿದರೆ ಇಂಗ್ಲಿಷ್ ಬಾರದವಳೆಂದು ಇನ್ನೊಮ್ಮೆ ನಗುತ್ತಾರೆ ಎನಿಸಿತು.

"ಥ್ಯಾಂಕ್ ಯು" ಎಂದಳು.

ಜನ ಚಪ್ಪಾಳೆ ತಟ್ಟಿದರು. ಯಾರೋ ಹೂಗುಚ್ಛ ಕೊಟ್ಟರು, ಅವಳು ತೆಗೆದುಕೊಂಡಳು.

ಕಾರಿನಲ್ಲಿ ಸಿದ್ಧಲಿಂಗೇಶ್, "ಎರಡು ಮಾತಾಡಬೇಕಿತ್ತು ನೀನು. ಇಷ್ಟು ದಿನ ಮೈಲಾಪೂರಿಗೆ ಓಡಾಡಿದ್ದು ಯಾತಕ್ಕ ಹಂಗಾದ್ರ?" ಎಂದ. ನಿಖಿತಾ ಹಿಂದಿನ ಸೀಟಿನಿಂದ, "ಅಪ್ಪಾ, ಪ್ಲೀಸ್" ಎಂದಳು.

ಮರುದಿನ ಅವಳು ತನ್ನ ಬಟ್ಟೆಬರೆ ಎತ್ತಿಕೊಂಡು ಅತ್ತೆಯ ಕೋಣೆಗೆ ಹೋದಳು. ಹಾಸಿಗೆ ಬಿಸಿಲಿಗೆ ಹಾಕಿ, ಔಷಧಿಯ ಬಾಟಲಿಗಳನ್ನು ಎಸೆದು, ಅಲ್ಲೇ ಮಲಗತೊಡಗಿದಳು. ಗಂಡನಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಇಂಗ್ಲಿಷ್ ಪಾಠಕ್ಕೆ ಹೋಗುವುದನ್ನು ಬಿಡಲಿಲ್ಲ. ಜಯಲಕ್ಷ್ಮೀ ಟೀಚರ್ ಆ ದಿನದ ಬಗ್ಗೆ ಕೇಳಿದಾಗ ಮಾತ್ರ, ಚೆನ್ನಾಗಿ ಆಯಿತು ಎಂದು ಸುಳ್ಳು ಹೇಳಿದಳು.

ತಿಂಗಳು ಕಳೆಯುವುದರಲ್ಲಿ ಸಿದ್ಧಲಿಂಗೇಶ್ ಹಳೇ ಸಹೋದ್ಯೋಗಿಗಳನ್ನು ಭಾನುವಾರ ಊಟಕ್ಕೆ ಕರೆದ. ಹೋಳಿಗೆ ಮಾಡು ಎಂದು ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ.

"ಹೋಟೆಲ್‌ನಿಂದ ತರಿಸ್ಕೋರಿ" ಎಂದಳು ಕೋಮಲಾ. "ನಾ ಹೊರಗ ಬರೂದಿಲ್ಲ. ಕೇಳಿದ್ರ ಇಲ್ಲ ಅನ್ರಿ."

"ಆರಾಮಿಲ್ಲೇನು?"

"ಆರಾಮ ಅದೀನಿ."

ಅವನು ತಲೆ ಕೆರೆದುಕೊಂಡು ಹೋದ. ಆಮೇಲೆ ಹಾಲ್‌ನಿಂದ ಅವನು ದಾವಣಗೆರೆಯ ತಂಗಿಗೆ ಫೋನ್ ಮಾಡಿದ್ದು ಕೇಳಿಸಿತು. ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯೇ ಇತ್ತು. "ಏನೂ ಆಗಿಲ್ಲವ್ವಾ, ಒಂದು ಹಳೇ ಚ್ಯಾಷ್ಟಿ ಹಿಡಕೊಂಡು ಕುಂತಾಳ. ಮುಟ್ಟು ನಿಂತ ಮ್ಯಾಲ ಹೆಂಗಸರಿಗೆ ಹಿಂಗ ಆಗ್ತೈತಂತಲ್ಲ, ಸಣ್ಣದಕ್ಕೆಲ್ಲಾ ಸಿಟ್ಟು. ಡಾಕ್ಟರಿಗೆ ತೋರಸ್ಲೇನು?"

ಕೋಮಲಾ ಮಂಚದಿಂದ ಎದ್ದಳು. ಕೋಣೆಯ ಬಾಗಿಲನ್ನು ಧಡಾರನೆ ಹಾಕಬೇಕೆಂದು ಹಿಡಿಯ ಮೇಲೆ ಕೈಯಿಟ್ಟಳು. ಸದ್ದಾದರೆ ಅದಕ್ಕೂ ಅವನು ಅದೇ ಕಾರಣ ಹೇಳುತ್ತಾನೆಂದು ಹೊಳೆದು, ಮೆಲ್ಲಗೆ ಮುಚ್ಚಿದಳು.